ಹದಿನೇಳು ನಿಮಿಷದ ಹುಲ್ಲು

ಕಳೆದ ಜುಲೈ ತಿಂಗಳ ಎರಡನೇ ಶನಿವಾರ, ಪರದೇಶದ ಈ ಪಂಗಾನಿಯ ನಮ್ಮ ಮನೆಯಲ್ಲಿ, ಅಪ್ಪನ ಏಳು ವಿಡಿಯೊ ಕ್ಯಾಸೆಟ್‌ಗಳನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳುವ ಕೆಲಸ ಮುಗಿಯಿತು. ಟೇಪು ಎಷ್ಟು ಹೊತ್ತಿನದೋ ಇಳಿಸಲೂ ಅಷ್ಟೇ ಹೊತ್ತು ಬೇಕು. ದನಿ ಅಡಗಿಸಿ, ಯಂತ್ರವನ್ನು ಅದರ ಪಾಡಿಗೆ ಬಿಟ್ಟು, ನಾವು ನಮ್ಮ ಕೆಲಸ ನೋಡಿಕೊಂಡಿದ್ದೆವು. ಪ್ರತಿ ಟೇಪಿನ ಉದ್ದವನ್ನು ಮಾತ್ರ ನಾನು ಒಂದು ಹಾಳೆಯಲ್ಲಿ ಬರೆದಿಟ್ಟಿದ್ದೆ. ಪತ್ರಿಕೆಯಲ್ಲಿ ಕೆಲಸ ಮಾಡಿದವರಿಗೆ ಹೋಗದ ಅಭ್ಯಾಸ.

ಇದೆಲ್ಲ ಅಮ್ಮನಿಗಾಗಿ. ಅಪ್ಪ ತೀರಿಕೊಂಡು ಆರು ವರ್ಷವಾಗಿತ್ತು. ಜೂನ್‌ನಲ್ಲಿ ಒಂದು ದಿನ, ಕಾಫಿ ಲೋಟ ಕೆಳಗಿಡುತ್ತಾ ಅಮ್ಮ ಅಂದಳು: "ಮುಖ ಗೋಡೆ ಮೇಲಿದೆ. ದನಿ ಹೋಗ್ತಾ ಇದೆ ಕಣೋ. ನೆನೆಸ್ಕೊಳ್ಳೋಕೆ ಹೋದ್ರೆ ಬೇರೆ ಯಾರದ್ದೋ ಬರತ್ತೆ."

ಹೆಚ್ಚು ಆಸೆ ಇಟ್ಟುಕೊಳ್ಳುವ ಹಾಗಿರಲಿಲ್ಲ. ಅಪ್ಪ ಗಣಿತದ ಮೇಷ್ಟ್ರು. ಕ್ಯಾಮೆರಾ ಕೈಗೆ ಬಂದರೆ ಬಾಯಿ ಬಿಡುತ್ತಿರಲಿಲ್ಲ. ಹಿಡಿಯುವವನು ಮಾತಾಡಿದರೆ ಚಿತ್ರ ಕೆಡುತ್ತದೆ ಎಂಬುದು ಅವರ ಸಿದ್ಧಾಂತ. ಏಳು ಟೇಪಿನಲ್ಲಿ ಎಲ್ಲರೂ ಮಾತಾಡಿರುತ್ತಾರೆ, ಅವರನ್ನು ಬಿಟ್ಟು, ಅಂದುಕೊಂಡಿದ್ದೆವು.

ಡಿಸ್ಕೇ ಆಗಬೇಕೆಂದವಳೂ ಅಮ್ಮ. ಫೋನಿನ ಪರದೆ ಅವಳ ಬೆರಳಿಗೆ ಒಗ್ಗಿಲ್ಲ. ಹಳೆಯ ಡಿವಿಡಿ ಪ್ಲೇಯರ್ ಒಗ್ಗಿದೆ. ಡಿಸ್ಕ್ ಹಾಕಿದರೆ ತಾನಾಗಿ ಓಡಬೇಕು. ಪರದೆಯ ಮೇಲೆ ಪಟ್ಟಿ ತೋರಿಸಿ ಯಾವುದು ಬೇಕೆಂದು ಕೇಳಕೂಡದು. ಇದನ್ನೆಲ್ಲ ಮಾಡಬಲ್ಲ ಎಡಿಟಿಂಗ್ ಸಾಫ್ಟ್‌ವೇರ್ ಹುಡುಕುವ ಕೆಲಸ ನನಗೂ ಮಗಳಿಗೂ ಬಿತ್ತು. ಮಗಳಿಗೆ ಇಪ್ಪತ್ತೆರಡು. ಅಜ್ಜಿಯ ಕನ್ನಡ ಪೂರ್ತಿ ತಿಳಿಯುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ.

ಮೊದಲನೆಯದು ಪುಕ್ಕಟೆಯದು. ಅದು ತನ್ನ ಹೆಸರನ್ನು ಚಿತ್ರದ ನಡುವೆ ಅಡ್ಡಡ್ಡ ಅಚ್ಚು ಹಾಕುತ್ತಿತ್ತು.

"ನನ್ನ ಹಣೆ ಮೇಲೆ ಅದೇನೋ ಬರೆದಿದೆ?" ಅಂದಳು ಅಮ್ಮ.

"ಸಾಫ್ಟ್‌ವೇರ್ ಹೆಸರಮ್ಮ."

"ಹಣೆಬರಹ ಅನ್ನು."

ಎರಡನೆಯದನ್ನು ಮಗಳು ಆರಿಸಿದಳು. ಅದು ಎಲ್ಲವನ್ನೂ ತಾನೇ ಮಾಡುತ್ತಿತ್ತು: ನಡುಗುವ ಚಿತ್ರ ನಿಲ್ಲಿಸುವುದು, ಮಾಸಿದ ಬಣ್ಣ ತಿದ್ದುವುದು, ಕೆಟ್ಟ ಭಾಗಗಳನ್ನು ಕಿತ್ತು ಹಾಕುವುದು. ಫಲಿತಾಂಶ ಚೆನ್ನಾಗಿಯೇ ಇತ್ತು. ನಾನು ಹಾಳೆ ತೆಗೆದು ಅಂಕಿಗಳನ್ನು ಹೋಲಿಸಿದೆ. ಮೂರನೇ ಟೇಪು ಐವತ್ತೆಂಟು ನಿಮಿಷ. ಸಾಫ್ಟ್‌ವೇರ್ ಕೊಟ್ಟದ್ದು ನಲವತ್ತೊಂದು.

"ಪಪ್ಪಾ, ಇಟ್ಸ್ ಜಸ್ಟ್ ಗ್ರಾಸ್," ಅಂದಳು ಮಗಳು. "ಸೆವೆಂಟೀನ್ ಮಿನಿಟ್ಸ್ ಆಫ್ ಗ್ರಾಸ್. ತಾತ ಫರ್ಗಾಟ್ ಟು ಸ್ವಿಚ್ ಇಟ್ ಆಫ್."

"ದನಿ ಹಾಕು."

ಕಸರಾನಿಯ ಕ್ರೀಡಾಂಗಣ. ನನ್ನ ಶಾಲೆಯ ಆಟೋಟದ ದಿನ ಮುಗಿದಿದೆ. ಕ್ಯಾಮೆರಾ ಅಪ್ಪನ ಹೆಗಲಿನಿಂದ ತೂಗುತ್ತಾ ಕೆಳಕ್ಕೆ ನೋಡುತ್ತಿದೆ. ಪರದೆಯ ತುಂಬ ಒಣ ಹುಲ್ಲು, ಅವರ ಒಂದೊಂದು ಹೆಜ್ಜೆಗೂ ಅತ್ತ ಇತ್ತ ವಾಲುತ್ತದೆ. ಬೂಟಿನ ತುದಿ ಕಾಣಿಸುತ್ತದೆ, ಮರೆಯಾಗುತ್ತದೆ. ಕೆಂಪು ಮಣ್ಣು ಬರುತ್ತದೆ, ಅಮ್ಮನ ಸೀರೆಯ ಅಂಚು, ಮತ್ತೆ ಹುಲ್ಲು. ಹಳೆಯ ಟೇಪಿನಲ್ಲಿ ಬಣ್ಣಗಳು ಒಂದರೊಳಗೊಂದು ಇಳಿದುಹೋಗಿ, ಅಂಚು ಯಾವುದು ಹುಲ್ಲು ಯಾವುದು ತಿಳಿಯುವುದಿಲ್ಲ. ದೂರದಲ್ಲಿ ಯಾವುದೋ ಮಟಾಟು ವ್ಯಾನು ಜನರನ್ನು ತುಂಬಿಕೊಂಡು ಹಾರ್ನ್ ಹೊಡೆಯುತ್ತಾ ಹೋಗುತ್ತದೆ, ಬಹಳ ಹೊತ್ತು ಹೋಗುತ್ತಲೇ ಇರುತ್ತದೆ. ಆಮೇಲೆ, ಕ್ಯಾಮೆರಾಗೆ ತೀರ ಹತ್ತಿರದಲ್ಲಿ:

"ಜೋಳ ತಿಂತೀಯಾ? ಸುಡ್ತಾ ಇದಾನೆ ನೋಡು. ನಿಂಬೆಹಣ್ಣು, ಖಾರ ಎಲ್ಲಾ ಹಚ್ತಾನೆ."

"ಬೇಡ ರೀ, ಹಲ್ಲುನೋವು."

"ಹಾಗಾದ್ರೆ ನಿನ್ನ ಪಾಲೂ ನಂದೇ." ಆಮೇಲೆ ಜೋಳದವನಿಗೆ, ಅವನ ಭಾಷೆಯಲ್ಲಿ, ಮೇಷ್ಟ್ರ ದನಿಯಲ್ಲೇ ಧನ್ಯವಾದ: "ಅಸಾಂಟೆ."

ಅಮ್ಮನನ್ನು ಕರೆದೆವು. ಮಧ್ಯಾಹ್ನ ಮೂರು ಗಂಟೆಯಿರಬೇಕು. ಜುಲೈ ತಿಂಗಳ ಬೂದು ಬೆಳಕು, ಕಿಟಕಿಯಾಚೆ ನೆರಳುಗಳೇ ಇರಲಿಲ್ಲ. ಅಮ್ಮ ಶಾಲು ಹೊದ್ದು ಕೂತು ಹುಲ್ಲನ್ನು ನೋಡಿದಳು. ಜೋಳದ ಮಾತು ಬಂದಾಗ ಅವಳ ಬಲಗೈ ತಾನಾಗಿ ಕೆನ್ನೆಗೆ ಹೋಯಿತು. ಆ ಹಲ್ಲು ಕೀಳಿಸಿ ಎಷ್ಟೋ ವರ್ಷವಾಗಿದೆ. ಅಪ್ಪ ಮಾತಾಡುತ್ತಲೇ ಇದ್ದರು: ಬಸ್ಸಿನ ಬಗ್ಗೆ, ಮೋಡದ ಬಗ್ಗೆ, ಪರೀಕ್ಷೆಯ ಉತ್ತರಪತ್ರಿಕೆಗಳ ಬಗ್ಗೆ. ಆಮೇಲೆ ಬ್ಯಾಟರಿ ಮುಗಿದು ಪರದೆ ನೀಲಿಯಾಯಿತು.

"ಇವರೇ," ಅಂದಳು ಅಮ್ಮ.

ಆ ಸಾಫ್ಟ್‌ವೇರನ್ನು ಅಂದೇ ತೆಗೆದು ಹಾಕಿದೆವು. ಮೂರನೆಯದು ಹಳೆಯದು, ನೋಡಲು ಪೆದ್ದು. ನಾವು ಕತ್ತರಿಸು ಅನ್ನುವವರೆಗೆ ಕತ್ತರಿಸುವುದಿಲ್ಲ, ತಿದ್ದು ಅನ್ನುವವರೆಗೆ ತಿದ್ದುವುದಿಲ್ಲ. ಪಟ್ಟಿಯಿಲ್ಲದೆ ತಾನಾಗಿ ಓಡುವ ಡಿಸ್ಕ್ ಮಾಡಿಕೊಡುತ್ತದೆ.

"ಪಪ್ಪಾ, ಇಟ್ ಡಸಂಟ್ ಡೂ ಎನಿಥಿಂಗ್!"

"ಅದಕ್ಕೇ ಇದು."

ಉಳಿದ ಆರು ಟೇಪುಗಳನ್ನೂ ದನಿ ಹಾಕಿ, ಕೊನೆಯವರೆಗೆ ಕೇಳಿದೆ. ಬೇರೆಲ್ಲೂ ಅಪ್ಪ ಕ್ಯಾಮೆರಾ ಆರಿಸಲು ಮರೆತಿರಲಿಲ್ಲ.

ಮೂರನೇ ಟೇಪಿನ ಡಿಸ್ಕನ್ನು ಐವತ್ತೆಂಟು ನಿಮಿಷವೂ ಉಳಿಸಿಕೊಂಡು ಮಾಡಿದೆವು. ಅಮ್ಮ ಅದನ್ನು ಒಂದು ವಾರ ದಿನವೂ ಹಾಕಿದಳು. ಎಂಟನೇ ದಿನ ನನ್ನನ್ನು ಕರೆದಳು.

"ಲೋ, ಇದರಲ್ಲಿ ನಿನ್ನ ಓಟ ತೆಗೆದುಬಿಡು."

"ಯಾಕಮ್ಮಾ?"

"ಮುಕ್ಕಾಲು ಗಂಟೆ ಕಾಯಬೇಕು ಕಣೋ. ಎಷ್ಟು ಸಲ ನೋಡಿದ್ರೂ ಹೇಗೂ ಕೊನೇಲೇ ಬರ್ತೀಯ. ಹುಲ್ಲಿನಿಂದ ಶುರು ಮಾಡು."

ಮಗಳು ಬಿದ್ದು ಬಿದ್ದು ನಕ್ಕಳು. ಹೊಸ ಡಿಸ್ಕ್ ಮಾಡಿದ್ದೂ ಅವಳೇ. ಕತ್ತರಿಸಿದ್ದು ಒಂದೇ ಕಡೆ.

ಎರಡನೇ ಡಿಸ್ಕ್‌ನಲ್ಲಿ ಹದಿನೇಳು ನಿಮಿಷ ಇದೆ. ನಿನ್ನೆ ಮಧ್ಯಾಹ್ನ ನೋಡಿದಾಗಲೂ ಪ್ಲೇಯರ್‌ನಲ್ಲಿ ಇದ್ದದ್ದು ಅದೇ.