ಅಕ್ಕನ ದಮ್ಮು ಇಳಿದ ಚಳಿಗಾಲ

ಆಗೆಲ್ಲ ಭಂಕೂರಿನ ನಮ್ಮ ಓಣಿಯಲ್ಲಿ ಬೆಳಗಾದರೆ ಮೊದಲು ಕೇಳುತ್ತಿದ್ದುದು ನೆಲಕ್ಕೆ ಹಾಸುವ ಪರಸಿ ಕಲ್ಲು ಕೊಯ್ಯುವ ಯಂತ್ರದ ಸದ್ದು, ಅದರ ಬೆನ್ನಿಗೇ ಶೋಭಕ್ಕನ ಕೆಮ್ಮು. ಚಳಿ ಬಿತ್ತೆಂದರೆ ಅಕ್ಕನಿಗೆ ದಮ್ಮು ಏರುತ್ತಿತ್ತು. ಕುಂಟಾಬಿಲ್ಲೆ ಆಡುತ್ತಿದ್ದವಳು ನಡುವೆಯೇ ನಿಂತು, ಮೊಣಕಾಲು ಹಿಡಿದುಕೊಂಡು ಉಸಿರಿಗಾಗಿ ಒದ್ದಾಡುತ್ತಿದ್ದಳು.

ಅಪ್ಪನ ತಾಯಿ, ನಮ್ಮ ಆಯಿ, ಅವಳಿಗೆಂದೇ ಬೇರೆ ಅಡುಗೆ ಮಾಡುತ್ತಿದ್ದಳು. ಬೆಳ್ಳುಳ್ಳಿ ಜಜ್ಜಿ ಹಾಕಿದ ಹುರುಳಿ ಸಾರು, ಬಿಸಿ ಜೋಳದ ರೊಟ್ಟಿ, ಸಂಜೆಗೆ ಅರಿಶಿನ ಹಾಲು. ಅವಳಿಗೆ ಕೊಡುತ್ತಿದ್ದ ಅಜವಾನದ ಉಗಿಯ ಘಾಟಿಗೆ ನನ್ನ ಕಣ್ಣಲ್ಲೂ ನೀರು ಬರುತ್ತಿತ್ತು.

ಆ ವರ್ಷ ಶಹಾಬಾದಿನ ಸಂತೆಯಲ್ಲಿ ಔಷಧ ಮಾರುವವನೊಬ್ಬ ಅವ್ವನಿಗೆ ಕಂದು ಪುಡಿಯೊಂದನ್ನು ಕೊಟ್ಟ. "ಚಿಂಚೋಳಿ ಅಡವಿ ಬೇರಿನ ಪುಡಿ ಅದವ್ವ ಇದು. ಇಂಗ್ಲಿಷ್ ಔಷಧಿ ಒಂದ್ ಕಾಳೂ ಇಲ್ಲ ಇದ್ರಾಗ" ಎಂದ.

ಅವ್ವ ಅದನ್ನು ದಿನಾ ಹಾಲಿನಲ್ಲಿ ಕದಡಿ ಕುಡಿಸಿದಳು. ಅಕ್ಕನ ಉಬ್ಬಸ ನಿಂತೇಹೋಯಿತು. ಓಡಿದಳು, ಕುಣಿದಳು, ರೊಟ್ಟಿಯ ಮೇಲೆ ರೊಟ್ಟಿ ಕೇಳಿದಳು. ಮುಖ ದುಂಡಗಾಯಿತು. "ನೋಡ್ರಿ, ನನ್ನ ಕೈ ಅಡಗಿ ಹುಡುಗಿ ಮೈಗಿ ಹೆಂಗ ಹತ್ತ್ಯಾದ" ಎಂದು ಆಯಿ ಓಣಿಗೆಲ್ಲ ತೋರಿಸಿಕೊಂಡು ಬಂದಳು.

ಬೇಸಿಗೆಯ ಹೊತ್ತಿಗೆ ಆ ಮನುಷ್ಯ ಸಂತೆಗೆ ಬರುವುದನ್ನು ಬಿಟ್ಟ. ಪುಡಿ ನಿಂತ ಕೆಲವೇ ದಿನಕ್ಕೆ ಅಕ್ಕನಿಗೆ ವಾಂತಿ ಹತ್ತಿತು. ಜಡೆ ಹಾಕಿಸಿಕೊಳ್ಳುತ್ತ ಕುಳಿತವಳು ಅವ್ವನ ತೊಡೆಯ ಮೇಲೇ ಕುಸಿದಳು. ಜೀಪಿನಲ್ಲಿ ಕಲಬುರಗಿಗೆ ಒಯ್ಯುವಾಗ ಅವಳ ಕೈ ತಣ್ಣಗಿತ್ತು.

ಆಸ್ಪತ್ರೆಯ ಡಾಕ್ಟರಮ್ಮ ಅವ್ವ ಒಯ್ದಿದ್ದ ಡಬ್ಬಿಯ ತಳದಲ್ಲಿ ಅಂಟಿಕೊಂಡಿದ್ದ ಪುಡಿಯನ್ನು ಪರೀಕ್ಷೆಗೆ ಕಳಿಸಿದರು. ಅಕ್ಕ ಚೇತರಿಸಿಕೊಂಡು ಮಾತಾಡತೊಡಗಿದ ಮೇಲೆ ನಮ್ಮನ್ನು ಕರೆದು ಹೇಳಿದರು: "ಇದ್ರಾಗ ಸ್ಟಿರಾಯ್ಡ್ ಗುಳಿಗಿ ಅರೆದು ಹಾಕ್ಯಾರ. ಮಾರಿ ಬಾತಿದ್ದು ಅದ್ರಿಂದನೇ. ಮೈ ಅದಕ್ಕ ರೂಢಿ ಆಗಿತ್ತು, ಒಮ್ಮೆಲೇ ನಿಂತಿದ್ದಕ್ಕ ಜೀವಕ್ಕ ಬಂದಿತ್ತು."

ನಾವೆಲ್ಲ ಮುಟ್ಟಿ ಮುಟ್ಟಿ ಸಂತೋಷಪಟ್ಟ ಆ ಕೆನ್ನೆ ಬರೀ ಊತ.

ಆಯಿ ಕೇಳಿದಳು: "ಅಂದ್ರ ನನ್ನ ಹುರುಳಿ ಸಾರು ಏನೂ ಮಾಡಲಿಲ್ಲೇನ್ರಿ?"

"ಊಟ ಚಲೋ ಅದ ಆಯಿ, ಮೈಗಿ ಶಕ್ತಿ ಕೊಡ್ತದ. ಮಾಡಿ ಹಾಕ್ರಿ. ಆದ್ರ ದಮ್ಮಿಗಿ ಬಾಯಾಗ ಹೊಡ್ಕೊಳ್ಳೋ ಈ ಪಂಪ್ ಬಿಡಬ್ಯಾಡ್ರಿ."

ಅಕ್ಕ ಈಗ ಸೇಡಂನಲ್ಲಿ ಶಾಲೆಯ ಮೇಡಂ. ಪಂಪ್ ತಪ್ಪಿಸುವುದಿಲ್ಲ, ಉಬ್ಬಸ ಅಪರೂಪ. ಆಯಿ ಇಲ್ಲ. ಕೈಲಾಗುವವರೆಗೂ ಆಕೆ ಅಡುಗೆ ಮಾಡಿದಳು, ನಮಗೆಲ್ಲ ಒತ್ತಾಯ ಮಾಡಿ ಬಡಿಸಿದಳು. ಆದರೆ ಆ ಊತವನ್ನು ತನ್ನ ಕೈಗುಣವೆಂದು ಓಣಿಗೆಲ್ಲ ತೋರಿಸಿದ್ದವಳು, ಅಕ್ಕನ ತಾಟಿಗೆ ಮಾತ್ರ ತಾನಾಗಿ ಒಂದು ತುತ್ತನ್ನೂ ನೀಡಲಿಲ್ಲ. "ನಿಮ್ಮವ್ವಗ ಕೇಳಿ ಉಣ್ಣು ಮಗಾ" ಎಂದು ರೊಟ್ಟಿ ಬುಟ್ಟಿಯನ್ನು ಅವ್ವನತ್ತ ಸರಿಸಿಬಿಡುತ್ತಿದ್ದಳು.