ಹೆಣ್ಣು ನೋಡಲು ಬಂದವರು ಗುಡ್ಡ ಹತ್ತಿದ ದಿನ

ಎರಡು ವರ್ಷದ ಹಿಂದಿನ ಮಾತು. ಶಿವರಾತ್ರಿ ಮುಗಿದಿತ್ತು, ಯುಗಾದಿ ಇನ್ನೂ ಬಂದಿರಲಿಲ್ಲ. ಅಂಥ ಉರಿಬಿಸಿಲಿನ ಒಂದು ಭಾನುವಾರ ನನ್ನನ್ನು ನೋಡಲು ಚನ್ನಗಿರಿ ಕಡೆಯಿಂದ ಗಂಡಿನವರು ಬಂದರು. ನೋಡುವ ಶಾಸ್ತ್ರ ನನಗೆ ಹೊಸದೇನೂ ಅಲ್ಲ. ಅದಕ್ಕೂ ಮುಂಚೆ ಎರಡು ಕಡೆಯವರು ಬಂದು, ಮಂಡಕ್ಕಿ ಮೆಣಸಿನಕಾಯಿ ತಿಂದು, "ಊರಿಗೆ ಹೋಗಿ ತಿಳಿಸ್ತೀವಿ" ಎಂದು ಹೋಗಿದ್ದರು. ಅವರು ಇವತ್ತಿಗೂ ಊರು ಮುಟ್ಟಿದಂತಿಲ್ಲ.

ನಮ್ಮೂರು ಜಗಳೂರಿನಿಂದ ಒಳಗೆ, ಬಸ್ಸು ಮನಸ್ಸು ಬಂದಾಗ ಮುಖ ತೋರಿಸುವ ಊರು. ಊರ ಬೆನ್ನಿಗೇ ಒಂದು ಗುಡ್ಡ. ನಾನು ಚಿಕ್ಕವಳಿದ್ದಾಗ ಅಲ್ಲಿ ಕಲ್ಲು ಬಿಟ್ಟರೆ ಬಿಸಿಲು, ಬಿಸಿಲು ಬಿಟ್ಟರೆ ಕಲ್ಲು. ಆಮೇಲೆ ನಮ್ಮ ಕೇರಿಯ ಹೆಂಗಸರು ಸಂಘ ಕಟ್ಟಿಕೊಂಡು, ಇಳಿಜಾರಿಗೆ ಅಡ್ಡಲಾಗಿ ಕಲ್ಲಿನ ಒಡ್ಡು ಹಾಕಿ ಮಳೆನೀರು ನಿಲ್ಲಿಸಿದರು. ಬೇವು, ಹೊಂಗೆ, ಸೀತಾಫಲದ ಸಸಿ ನೆಟ್ಟರು. ನೆಟ್ಟರು ಅಂತ ಒಂದು ಮಾತಲ್ಲಿ ಹೇಳಿಬಿಟ್ಟೆ, ಬೇಸಿಗೆಯಲ್ಲಿ ಆ ಸಸಿಗಳಿಗೆ ನನ್ನವ್ವ ತಲೆಯ ಮೇಲೆ ಕೊಡ ಹೊತ್ತಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಸಂಘಕ್ಕೆ ಮುಂದಾಳು ಪಕ್ಕದ ಮನೆಯ ತಿಪ್ಪಕ್ಕ. ಮಾತಿನಲ್ಲಿ ಯಾರಿಗೂ ಬಗ್ಗುವವಳಲ್ಲ. ನಾನು ಜಗಳೂರಿನ ಝೆರಾಕ್ಸ್ ಅಂಗಡಿಯಲ್ಲಿ ಕೆಲಸಕ್ಕಿರುವುದರಿಂದ ಸಂಘದ ಅರ್ಜಿಗಳನ್ನು ಟೈಪು ಮಾಡುವುದು ನನ್ನ ಪಾಲಿನ ಸೇವೆ.

ಅರ್ಜಿ ಯಾಕೆಂದರೆ, ಹೊರಗಿನ ಯಾರೋ ಒಬ್ಬರು ಆ ಗುಡ್ಡ ಕಲ್ಲು ಕ್ರಷರ್‌ಗೆ ಬೇಕು ಎಂದು ಕೇಳಿದ್ದರು. "ಕಲ್ಲು ಹೋಗೋದು ಇನ್ನೊಬ್ರ ರಸ್ತೆಗೆ, ಧೂಳು ಬೀಳೋದು ನಮ್ಮ ಕೇರಿ ಮಕ್ಕಳ ಮೂಗಿಗೆ. ಇದ್ಯಾವ ನ್ಯಾಯ?" ಎಂದು ತಿಪ್ಪಕ್ಕ ಕಚೇರಿಯಿಂದ ಕಚೇರಿಗೆ ಅಲೆದಳು. ಕೊನೆಗೆ ಅಧಿಕಾರಿಗಳು ತಾವೇ ಬಂದು ಗುಡ್ಡ ನೋಡುತ್ತೇವೆ ಎಂದಿದ್ದರು. ಮುಂದಿನ ವಾರವೇ ಬರುವವರಿದ್ದರು. ಮರ ಕಂಡರೆ ಗುಡ್ಡ ನಮ್ಮದು, ಬೋಳಾಗಿ ಕಂಡರೆ ಬರಡು ಎಂದು ಬರೆದು ಕ್ರಷರ್‌ಗೆ ಕೊಟ್ಟುಬಿಡುತ್ತಾರೆ ಎಂಬುದು ಊರಿಗೆಲ್ಲ ಗೊತ್ತಿತ್ತು.

ಬೇಸಿಗೆಯಲ್ಲಿ ಗುಡ್ಡಕ್ಕೆ ಬೆಂಕಿಯ ಭಯ. ಯಾರದೋ ಬೀಡಿ ತುಂಡು ಸಾಕು. ಹಳೇ ಹುಲ್ಲು ಸುಟ್ಟರೆ ಹೊಸ ಹುಲ್ಲು ಚೆನ್ನಾಗಿ ಬರುತ್ತದೆ ಎಂದು ಬೇಕಂತಲೇ ಕಡ್ಡಿ ಗೀರುವವರೂ ಇದ್ದಾರೆ. ಅದಕ್ಕೇ ಶಿವರಾತ್ರಿಯಿಂದ ಮೊದಲ ಮಳೆಯವರೆಗೆ ದಿನವೂ ಇಬ್ಬರು ಹೆಂಗಸರು ಪಾಳಿಯ ಮೇಲೆ ಗುಡ್ಡದ ನೆತ್ತಿಯಲ್ಲಿ ಕಾವಲು ಕೂರುತ್ತಾರೆ. ಜ್ವರ ಬಂದರೂ, ನೆಂಟರು ಬಂದರೂ ಅದು ತಪ್ಪಿದ್ದಿಲ್ಲ. ಆದರೆ ಆ ಭಾನುವಾರ ಪಾಳಿಯ ಇಬ್ಬರೂ, "ಒಂದು ಗಳಿಗೆ ಗಂಡಿನ ಮುಖ ನೋಡಿ ವಾಪಸ್ ಹತ್ತಿಬಿಡೋಣ" ಎಂದು ಇಳಿದು ಬಂದು ನಮ್ಮ ಕಿಟಕಿಗೆ ಅಂಟಿಕೊಂಡಿದ್ದರು. ತಿಪ್ಪಕ್ಕ ಒಳಗೆ ಮೆಣಸಿನಕಾಯಿ ಕರಿಯುತ್ತಿದ್ದಳು, ಇವರು ಇಳಿದದ್ದು ಅವಳಿಗೆ ಗೊತ್ತಿಲ್ಲ.

ಕ್ರೂಸರ್ ಗಾಡಿಯಲ್ಲಿ ಬಂದವರು ನಾಲ್ವರು. ಹುಡುಗ, ಅವನ ತಾಯಿ ಗಿರಿಜಮ್ಮ, ಹೊನ್ನಾಳಿಯ ಸೋದರಮಾವ, ಮತ್ತೆ ಈ ಸಂಬಂಧ ಹುಡುಕಿದ ನ್ಯಾಮತಿಯ ದಲ್ಲಾಳಿ. ಹುಡುಗ ದಾವಣಗೆರೆಯಲ್ಲಿ ಮೊಬೈಲ್ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದ. ನೋಡಲು ಲಕ್ಷಣವಾಗಿದ್ದ, ಸುಳ್ಳು ಯಾಕೆ ಹೇಳಲಿ. ಹೊನ್ನಾಳಿ ಮಾವನ ಬಿಳಿ ಅಂಗಿಗೆ ಎಷ್ಟು ಗಂಜಿ ಹಾಕಿದ್ದರೆಂದರೆ ಅವರು ಕೂತಾಗ ಬಟ್ಟೆಯೇ ಮೊದಲು ಮಾತಾಡಿತು.

ನಾನು ಮೆಣಸಿನಕಾಯಿ ತಟ್ಟೆ ಹಿಡಿದು ಬಂದೆ. "ಅಡಿಗೆ ಮಾಡಾಕೆ ಬರ್ತೈತೇನಮ್ಮ?" ಎಂದು ಮಾವ ಕೇಳಿದರು.

"ಉಣ್ಣಾಕೆ ಬರ್ತೈತ್ರಿ. ಹಂಗಾಗಿ ಮಾಡಾಕೂ ಕಲ್ತೀನಿ" ಅಂದೆ.

ಬಾಗಿಲ ಹಿಂದಿನಿಂದ ಅವ್ವ ಕಣ್ಣು ಬಿಟ್ಟಳು. ಗಿರಿಜಮ್ಮ ಮಾತ್ರ ಬಾಯಿ ತುಂಬ ನಕ್ಕರು. ನಗುತ್ತಲೇ ಕೆಮ್ಮು ಬಂತು. ಅವ್ವ ನೀರು ಕೊಟ್ಟಾಗ ಅವರೇ ಹೇಳಿದರು. "ಏನಿಲ್ರಿ, ನಮ್ಮ ಕಡೆ ಅಡಿಕೆ ಸುಲಿದ ಸಿಪ್ಪೆ ರಸ್ತೆ ಬದಿಗೆ ಗುಡ್ಡೆ ಹಾಕಿ ಬೆಂಕಿ ಇಡ್ತಾರೆ. ದಿನಗಟ್ಟಲೆ ಹೊಗೆ. ನಾವೊಂದಿಷ್ಟು ಹೆಂಗಸ್ರು ಅದನ್ನ ಆರಿಸ್ಕೊಂತ, ಸುಡೋರನ್ನ ಬೈಕೊಂತ ತಿರುಗ್ತೀವಿ."

"ಅಮ್ಮಾ, ಇಲ್ಲೂ ಅದೇ ಪುರಾಣನಾ?" ಅಂದ ಹುಡುಗ. ಗಿರಿಜಮ್ಮ ಉಳಿದ ನೀರು ಕುಡಿದರು. ಹುಡುಗ ನನ್ನನ್ನು ಕೇಳಿದ ಪ್ರಶ್ನೆ ಒಂದೇ ಒಂದು. "ನಿಮ್ಮೂರಾಗೆ ನೆಟ್‌ವರ್ಕ್ ಇಷ್ಟೇನಾ?"

ನಾನು ಉತ್ತರ ಕೊಡುವುದರೊಳಗೆ ಕಿಟಕಿಯ ಹತ್ತಿರ ಇದ್ದವಳೊಬ್ಬಳು ಚೀರಿದಳು. "ಯವ್ವಾ, ಗುಡ್ಡಕ್ಕೆ ಬೆಂಕಿ ಬಿದ್ದೈತೆ!"

ಕಣ್ಣು ಮುಚ್ಚಿ ತೆಗೆಯುವುದರಲ್ಲಿ ಮನೆ ಖಾಲಿ. ತಿಪ್ಪಕ್ಕ ಜಾಲರಿ ಸೌಟು ಕೈಯಲ್ಲಿ ಹಿಡಿದೇ ಓಡಿದಳು. ಅಪ್ಪ ಗೋಣಿಚೀಲಗಳನ್ನು ನೀರಿನ ತೊಟ್ಟಿಗೆ ಅದ್ದಿ ಅದ್ದಿ ಸಿಕ್ಕವರ ಕೈಗೆ ಕೊಡುತ್ತಿದ್ದ. ನಾನು ಎದ್ದೆ. ಅವ್ವ ಒಲೆ ಆರಿಸಿ ಬಂದವಳು ನನ್ನ ರಟ್ಟೆ ಹಿಡಿದಳು.

"ನೀ ಎಲ್ಲಿಗೆ ಹೊಂಟಿ? ಬಂದೋರ ಮುಂದೆ ಮರ್ಯಾದೆ ಐತೋ ಇಲ್ವೋ? ಕೂತ್ಕ."

ಅವಳ ಕಷ್ಟ ನನಗೆ ಅರ್ಥವಾಗುತ್ತಿತ್ತು. ಆದರೆ ಕಿಟಕಿಯಲ್ಲಿ ಹೊಗೆ ಕಾಣುತ್ತಿತ್ತು. "ತಪ್ಪು ತಿಳ್ಕಬ್ಯಾಡ್ರಿ, ನಾ ಹೋಗ್ಬೇಕು" ಎಂದು ಗಿರಿಜಮ್ಮನಿಗೆ ಹೇಳಿ, ತಟ್ಟೆಯನ್ನು ಹುಡುಗನ ಕೈಗೇ ಕೊಟ್ಟು ಓಡಿದೆ. ಮೂರನೆಯ ಸಂಬಂಧವೂ ಹೋಯಿತು ಎಂದು ದಾರಿಯಲ್ಲೇ ಅಂದುಕೊಂಡೆ. ಅಂದುಕೊಂಡೆ ಅಷ್ಟೇ, ಕಾಲು ನಿಲ್ಲಲಿಲ್ಲ.

ಬೆಂಕಿ ಪಡುವಣ ಇಳಿಜಾರಿನ ಒಣಹುಲ್ಲಿಗೆ ಹತ್ತಿ, ಗಾಳಿ ಹಿಡಿದು ಮೇಲಕ್ಕೆ ಏರುತ್ತಿತ್ತು. ಮೇಲೆ ಕಲ್ಲಿನ ಒಡ್ಡು, ಒಡ್ಡಿನ ಆಚೆ ನಮ್ಮ ಮರಗಳು. ಹೆಂಗಸರು ಹಸಿ ಬಂದರಿಕೆ ಗಿಡದ ಟೊಂಗೆ ಮುರಿದುಕೊಂಡು ಸಾಲಾಗಿ ನಿಂತು ಬಡಿಯುತ್ತಿದ್ದರು. ನಾನೂ ಒಂದು ಗೋಣಿಚೀಲ ಹಿಡಿದು ನುಗ್ಗಿದೆ. ಒಂದು ಕಡೆ ಆರಿಸಿದರೆ ಇನ್ನೊಂದು ಕಡೆ ಎದ್ದು ನಿಲ್ಲುತ್ತಿತ್ತು. ಇನ್ನು ಆಗುವುದಿಲ್ಲ ಅನ್ನಿಸಿ, ಹೊಗೆಯ ನೆಪದಲ್ಲಿ ಅಳುತ್ತಿದ್ದೆ.

"ಬಡೀಬ್ಯಾಡವ್ವ, ಒತ್ತು! ಬಡಿದ್ರೆ ಕಿಡಿ ಹಾರ್ತಾವೆ!"

ತಿರುಗಿ ನೋಡಿದರೆ ಗಿರಿಜಮ್ಮ. ರೇಷ್ಮೆ ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ, ತಲೆಗೆ ಸೆರಗು ಸುತ್ತಿ, ಒದ್ದೆ ಚೀಲವನ್ನು ಬೆಂಕಿಯ ಮೇಲೆ ಹಾಸಿ ಹಾಸಿ ತುಳಿಯುತ್ತಿದ್ದರು. ಅವರ ಹಿಂದೆ ಹೊನ್ನಾಳಿ ಮಾವ, ಪಂಚೆ ಮೇಲೆತ್ತಿ ಕಟ್ಟಿ, ಟೊಂಗೆ ಹಿಡಿದು. ಅವರ ಹಿಂದೆ ನ್ಯಾಮತಿ ದಲ್ಲಾಳಿ, ಕ್ರೂಸರ್‌ನಲ್ಲಿದ್ದ ನೀರಿನ ಕ್ಯಾನು ಹೊತ್ತು ಏದುಸಿರು ಬಿಡುತ್ತಾ. ನನಗೆ ನಂಬಲಾಗಲಿಲ್ಲ.

ಎಷ್ಟು ಹೊತ್ತು ಹಾಗೆ ಹೋರಾಡಿದೆವೋ ಗೊತ್ತಿಲ್ಲ. ಮಧ್ಯೆ ಮಾವನ ಅಂಗಿಯ ಬೆನ್ನಿಗೆ ಕಿಡಿ ತಾಗಿತು. ತಿಪ್ಪಕ್ಕ ಹಿಂದೆಮುಂದೆ ನೋಡದೆ ಒದ್ದೆ ಚೀಲದಿಂದ ಅವರ ಬೆನ್ನಿಗೆ ಒಂದು ಬಾರಿಸಿದಳು. "ಹೆಣ್ಣು ನೋಡಾಕೆ ಬಂದು ಏಟು ತಿಂದ್ನಲ್ರೀ" ಅಂದರು ಮಾವ. ಆ ಹೊಗೆಯಲ್ಲೂ ನಾಲ್ಕು ಜನ ನಕ್ಕರು. ನಕ್ಕದ್ದಕ್ಕೋ ಏನೋ ಕೈಗೆ ಮತ್ತೆ ಬಲ ಬಂತು. ಕೊನೆಗೆ ಕಲ್ಲಿನ ಒಡ್ಡಿನ ಹತ್ತಿರ ಬೆಂಕಿ ನಿಂತಿತು. ಒಡ್ಡಿನ ಈಚೆಯ ಹುಲ್ಲೆಲ್ಲ ಕರಿ, ಆಚೆಯ ಮರ ಒಂದೂ ಹೋಗಿರಲಿಲ್ಲ. ಎಲ್ಲರೂ ನಿಂತಲ್ಲೇ ಕುಸಿದರು.

ಕೆಳಗಿನಿಂದ ಕ್ರೂಸರ್ ಹಾರನ್ ಕೇಳುತ್ತಿತ್ತು. ಹುಡುಗನಿಗೆ ಹೊತ್ತಾಗಿತ್ತು. ಜನ ಇಳಿಯತೊಡಗಿದರು. ಗಿರಿಜಮ್ಮ ಏಳಲಿಲ್ಲ.

"ಬರ್ರಿ, ಆರಿತಲ್ಲ" ಅಂದಳು ತಿಪ್ಪಕ್ಕ.

"ಸ್ವಲ್ಪ ಕೂರಣ. ನಮ್ಮ ಸಿಪ್ಪೆ ಗುಡ್ಡೆ ಹಿಂಗೇ ಮೋಸ ಮಾಡ್ತೈತೆ. ಮೇಲೆ ಬೂದಿ, ಒಳಗೆ ಕೆಂಡ."

"ನಮ್ಮ ಗುಡ್ಡ ನಮಗೆ ಗೊತ್ತಿಲ್ವೇನ್ರಿ?" ಎಂದು ತಿಪ್ಪಕ್ಕ ಮೂತಿ ತಿರುಗಿಸಿದಳು. ಆದರೂ ಮನೆಗೆ ಬಂದವರನ್ನು ಒಬ್ಬರೇ ಬಿಟ್ಟು ಹೋಗುವುದು ಹೇಗೆ, ಗೊಣಗುತ್ತಾ ಪಕ್ಕದಲ್ಲೇ ಕೂತಳು. ನಾನೂ ಕೂತೆ.

ಸ್ವಲ್ಪ ಹೊತ್ತಿನಲ್ಲಿ ಜೋರು ಗಾಳಿ ಬೀಸಿತು. ಒಡ್ಡಿನ ಆಚೆ, ನಮ್ಮ ಮರಗಳ ಮಗ್ಗುಲಲ್ಲೇ, ಒಂದು ಹಳೆಯ ಒಣ ಬೊಡ್ಡೆಯಿಂದ ಹೊಗೆ ಎದ್ದಿತು. ಯಾವ ಕಿಡಿ ಯಾವಾಗ ಹಾರಿ ಒಳಗೆ ಸೇರಿತ್ತೋ. ನಾವು ಓಡಿ ಹೋಗುವುದರೊಳಗೆ ಉರಿ ಕಾಣಿಸಿತು. ಕ್ಯಾನು ಖಾಲಿ, ಚೀಲಗಳು ಒಣಗಿ ಹೋಗಿವೆ. ಸೀತಾಫಲದ ಮೆಳೆ ಮಾರು ದೂರ. ಇದೊಂದು ಹತ್ತಿದರೆ ಅಷ್ಟೂ ಹೋಗುತ್ತದೆ ಎಂದು ಬರಿಗೈಯಲ್ಲೇ ಮಣ್ಣು ಬಗೆಯತೊಡಗಿದೆ.

ಅದೇ ಹೊತ್ತಿಗೆ ಅವ್ವ ದೊಡ್ಡ ಕೊಡ ಹೊತ್ತು ಗುಡ್ಡ ಹತ್ತಿ ಬಂದಳು. ಬಂದವರು ಮುನಿಸಿಕೊಂಡಾರು, ಮಜ್ಜಿಗೆಯಾದರೂ ಕುಡಿಸಿ ಸಮಾಧಾನ ಮಾಡೋಣ ಎಂದು ಅವಳ ಲೆಕ್ಕ. "ತಗೊಳ್ರಿ ಗಿರಿಜಮ್ಮ, ದಣಿದೀರಿ" ಎಂದು ಕೊಡ ಇಳಿಸಿದ್ದೇ ತಡ, ಗಿರಿಜಮ್ಮ ಅದನ್ನು ಎತ್ತಿ ಹಾಗೇ ಬೊಡ್ಡೆಯ ಮೇಲೆ ಸುರಿದುಬಿಟ್ಟರು. ಚುಂಯ್ ಅಂದಿತು. ಗುಡ್ಡವೆಲ್ಲ ಇಂಗು, ಕರಿಬೇವಿನ ಒಗ್ಗರಣೆಯ ವಾಸನೆ.

"ಅಯ್ಯೋ, ಒಂದು ಲೋಟನಾದ್ರೂ ಕುಡೀಬಾರ್ದಾಗಿತ್ತಾ!" ಅಂದಳು ಅವ್ವ, ಏನು ನಡೆಯುತ್ತಿದೆ ಎಂದು ತಿಳಿಯದೆ. ತಿಪ್ಪಕ್ಕ ಸೌಟಿನಿಂದಲೇ ಬೊಡ್ಡೆಯ ಒಳಗಿನ ಕೆಂಡ ಕೆದಕಿ ಹೊರಗೆ ಹಾಕಿದಳು, ನಾನು ಮಣ್ಣು ಮುಚ್ಚಿದೆ. ಮತ್ತೆ ಹೊಗೆ ಏಳಲಿಲ್ಲ. ತಿಪ್ಪಕ್ಕ ಗಿರಿಜಮ್ಮನ ಎರಡೂ ಕೈ ಹಿಡಿದುಕೊಂಡಳು. ಆಮೇಲೆ ಅವ್ವನೂ ಸೇರಿ ಆ ಮೂವರು ಹೆಂಗಸರು ಮಸಿ, ಮಜ್ಜಿಗೆ ಸಿಡಿದ ಮುಖದಲ್ಲಿ ಒಬ್ಬರನ್ನೊಬ್ಬರು ನೋಡಿಕೊಂಡು ನಗಲು ಶುರು ಮಾಡಿದವರು ನಿಲ್ಲಿಸಲೇ ಇಲ್ಲ. ನನಗೂ ಹೊಟ್ಟೆ ಹುಣ್ಣಾಗುವಷ್ಟು ನಗು ಬಂತು. ಅಂಥ ನೆಮ್ಮದಿಯ ನಗೆಯನ್ನು ನಾನು ಅದಕ್ಕೂ ಮೊದಲು ನಕ್ಕಿರಲಿಲ್ಲ.

ಕೆಳಗಿಳಿದಾಗ ಹುಡುಗ ಗಾಡಿಯ ಪಕ್ಕ ನೆರಳಿನಲ್ಲಿ ನಿಂತಿದ್ದ. ನಾನು ಕೊಟ್ಟ ತಟ್ಟೆ ಬಾನೆಟ್ ಮೇಲಿತ್ತು, ಮೆಣಸಿನಕಾಯಿ ಮುಗಿದಿದ್ದವು. ಅವನು ಅಷ್ಟು ಹೊತ್ತೂ ವಿಡಿಯೋ ಮಾಡುತ್ತಿದ್ದನಂತೆ. ಮರುದಿನ ಅದು ಸುತ್ತಿ ಸುತ್ತಿ ನಮ್ಮೂರ ವಾಟ್ಸಾಪ್ ಗುಂಪಿಗೂ ಬಂತು. ಮುಂದೆ ಅವನ ಮುಖ, ಹಿಂದೆ ದೂರದಲ್ಲಿ ಹೊಗೆ. "ಫ್ರೆಂಡ್ಸ್, ನಾನೀಗ ಬೆಂಕಿ ಮಧ್ಯೆ ಇದೀನಿ" ಅನ್ನುತ್ತಿದ್ದ. ಅವರಮ್ಮ ಅದರಲ್ಲಿ ಎಲ್ಲೂ ಕಾಣಲಿಲ್ಲ.

ನಾಲ್ಕು ದಿನ ಬಿಟ್ಟು ಗಿರಿಜಮ್ಮ ನನಗೇ ಫೋನ್ ಮಾಡಿದರು. "ನಿನ್ನ ಮನಸ್ನಾಗೆ ಏನೈತೆ ಹೇಳವ್ವ, ಮುಚ್ಚುಮರೆ ಬ್ಯಾಡ."

"ನಿಮ್ಮ ಮಗ..." ಅಂದು ನಿಲ್ಲಿಸಿದೆ.

"ಗಾಡಿ ಹತ್ರ ನಿಂತಿದ್ದ. ನಾನೂ ನೋಡೀನಿ. ಕೆಟ್ಟೋನಲ್ಲ, ಆದ್ರೆ ನಿನಗೆ ಒಗ್ಗಲ್ಲ. ನಿನ್ನ ಜಾಗದಾಗೆ ನಾನಿದ್ರೂ ಒಲ್ಲೆ ಅಂತಿದ್ದೆ." ಒಮ್ಮೆ ಕೆಮ್ಮಿ ಮತ್ತೆ ಹೇಳಿದರು. "ಸೊಸೆ ಕೈ ತಪ್ಪಿದ್ಲು ಅಂತ ಬ್ಯಾಸ್ರ ಐತೆ. ಅಡಿಕೆ ಸುಗ್ಗಿಗೆ ಬಾ. ನಮ್ಮ ಕಡೆ ಹೊಗೆ ಆರಿಸಾಕೆ ಜನ ಸಾಲಲ್ಲ."

ಫೋನ್ ಇಟ್ಟ ಮೇಲೆ ನಾನು ಬಿಟ್ಟ ಉಸಿರು ಪಕ್ಕದ ಮನೆಗೂ ಕೇಳಿರಬೇಕು.

ಮುಂದಿನ ವಾರ ಅಧಿಕಾರಿಗಳು ಬಂದರು. ಸುಟ್ಟ ಇಳಿಜಾರನ್ನು ನೋಡಿ ಮುಖ ಮುಖ ನೋಡಿಕೊಂಡರು. ತಿಪ್ಪಕ್ಕ ಒಡ್ಡು ದಾಟಿಸಿ ಕರೆದುಕೊಂಡು ಹೋದಳು. ಅವರಲ್ಲಿ ಹಿರಿಯರೊಬ್ಬರು ಬೇವಿನ ನೆರಳಿನಲ್ಲಿ ನಿಂತು ಬೆವರು ಒರೆಸಿಕೊಂಡು, ಸುತ್ತ ಕಣ್ಣಾಡಿಸಿ, "ಇದನ್ನ ಬರಡು ಅಂತ ಹೆಂಗೆ ಬರೆಯಾಕಾಗ್ತದಮ್ಮ" ಅಂದರು. ಯಾರಿಗೂ ಬಗ್ಗದ ತಿಪ್ಪಕ್ಕ ಅಲ್ಲೇ ಕೂತು ಮಗುವಿನ ಹಾಗೆ ಅತ್ತುಬಿಟ್ಟಳು. ಅಲ್ಲಿಂದೀಚೆಗೆ ಕ್ರಷರ್ ಮಾತು ಎದ್ದಿಲ್ಲ. ಸಂಘದಲ್ಲಿ ಮಾತ್ರ ಒಂದು ಹೊಸ ಕಟ್ಟಳೆಯಾಗಿದೆ. ಶಿವರಾತ್ರಿಯಿಂದ ಮೊದಲ ಮಳೆ ಬೀಳುವ ತನಕ ನಮ್ಮ ಕೇರಿಯಲ್ಲಿ ಹೆಣ್ಣು ನೋಡುವ ಶಾಸ್ತ್ರ ಇಲ್ಲ.

ನನಗಿನ್ನೂ ಮದುವೆಯಾಗಿಲ್ಲ. ಅವಸರವೂ ಇಲ್ಲ. ಪ್ರತಿ ಅಡಿಕೆ ಸುಗ್ಗಿಗೆ ರಜೆ ಹಾಕಿ ಗಿರಿಜಮ್ಮನ ಊರಿಗೆ ಹೋಗುತ್ತೇನೆ. ಅವರ ಜೊತೆ ಸಿಪ್ಪೆ ಗುಡ್ಡೆ ಬಗೆದು ನೀರು ಹಾಕುತ್ತೇನೆ, ಸುಡುವವರ ಹತ್ತಿರ ಬೈಸಿಕೊಳ್ಳುತ್ತೇನೆ, ಬೈಯುತ್ತೇನೆ ಕೂಡ. ಮೊದಲ ಸಲ ಹೋದಾಗ ಒಬ್ಬಾಕೆ, "ಇದ್ಯಾರ್ರೀ ಹೊಸ ಹುಡುಗಿ?" ಎಂದು ಕೇಳಿದಳು. ಗಿರಿಜಮ್ಮ ಚೀಲ ಹಿಂಡುತ್ತಾ, ತಲೆ ಕೂಡ ಎತ್ತದೆ, "ನಮ್ಮ ಬೀಗರ ಮಗಳು" ಅಂದರು. ಮದುವೆಯಿಲ್ಲದೆ ಅದೆಂಥ ಬೀಗತನ ಎಂದು ಆಕೆಯೂ ಕೇಳಲಿಲ್ಲ, ನಾನೂ ಹೇಳಲಿಲ್ಲ.