ಹುಣಸೆಹಣ್ಣಿನಲ್ಲಿ ತೊಳೆದ ಕಾಡತೂಸು

ಮಲೇಷ್ಯಾದ ಸುಬಾಂಗ್ ಜಯಾದಲ್ಲಿ ನಮ್ಮ ಪಕ್ಕದ ಮನೆಯಲ್ಲಿ ಎಂಬತ್ತರ ತಮಿಳು ಹಿರಿಯರೊಬ್ಬರಿದ್ದಾರೆ. ನನಗೆ ಅವರು ಅಂಕಲ್. ಅವರ ತಮಿಳು, ನನ್ನ ಕನ್ನಡ, ನಡುವೆ ಒಂದಿಷ್ಟು ಇಂಗ್ಲಿಷ್. ಮಾತು ಹೇಗೋ ಸಾಗುತ್ತದೆ. ವಾರಾಂತ್ಯದಲ್ಲಿ ನಾನು ಮೆಟಲ್ ಡಿಟೆಕ್ಟರ್ ಹಿಡಿದು ಮಣ್ಣು ಕೆದಕುವುದನ್ನು ಕಂಡು ಬೀದಿಯೆಲ್ಲ ನಕ್ಕರೂ ಅವರು ನಗಲಿಲ್ಲ.

"ನಮ್ಮ ಹಳೇ ರಬ್ಬರ್ ಎಸ್ಟೇಟಿಗೆ ಒಂದ್ಸಲ ಬಾ. ಅಪ್ಪನಿಗೆ ಗುಂಡು ಹೊಡೆದ ಜಾಗ ಅಮ್ಮ ತೋರಿಸಿದ್ರು" ಎಂದರು. ಹೊಡೆದವರು ಮಹಾಯುದ್ಧದ ಕಾಲದಲ್ಲಿ ಈ ದೇಶ ಹಿಡಿದಿದ್ದ ಜಪಾನೀಯರು, ಆಗ ನೀನಿನ್ನೂ ಹೊಟ್ಟೆಯಲ್ಲಿದ್ದೆ ಎಂದು ತಾಯಿ ಹೇಳಿದ್ದರಂತೆ. ಅಪ್ಪ ನನ್ನ ಮುಖ ನೋಡಲೇ ಇಲ್ಲ ಎಂಬ ಮಾತು ಅಂಕಲ್ ಬಾಯಲ್ಲಿ ಆಗಾಗ ಬರುತ್ತಿತ್ತು.

ಎಸ್ಟೇಟ್ ಮ್ಯಾನೇಜರರ ಒಪ್ಪಿಗೆ ಪಡೆದು ಒಂದು ರಜಾದಿನ ಹೋದೆವು. ಕೂಲಿಯವರ ಲೈನ್ ಮನೆಗಳು ಕುಸಿದಿದ್ದವು. ಅವರ ತಾಯಿ ತೋರಿಸಿದ್ದ ಜಾಗದಲ್ಲಿ, ಬಾವಿಯ ಹಿಂದೆ, ಯಂತ್ರ ಕೂಗಿತು. ಗೇಣುದ್ದ ಅಗೆದರೆ ಒಂದೇ ಒಂದು ಖಾಲಿ ಕಾಡತೂಸು, ಮೈತುಂಬ ಕಿಲುಬು. ಬ್ರಿಟಿಷ್ ರೈಫಲಿನದಾದರೆ ತಳದಲ್ಲಿ ಅಕ್ಷರ, ಇಸವಿ ಒತ್ತಿರುತ್ತಾರೆ. ಜಪಾನೀಯರದು ಸಾಮಾನ್ಯವಾಗಿ ಬೋಳು. ಇದರಲ್ಲಿ ಏನೂ ಕಾಣಲಿಲ್ಲ. ಮಹಾ ಪಂಡಿತೆಯ ಹಾಗೆ "ಜಪಾನೀದೇ ಅಂಕಲ್" ಎಂದುಬಿಟ್ಟೆ. ಮಣ್ಣು ಬಿಡಿಸಿ ಕೊಡುತ್ತೇನೆಂದು ಮನೆಗೆ ತಂದೆ.

ಅಡುಗೆಮನೆಯ ಕಟ್ಟೆಯ ಮೇಲೆ ಇಟ್ಟದ್ದೇ ತಪ್ಪಾಯಿತು. ಮಾರನೆಯ ದಿನ ಗುರುವಾರ. ಮೈಸೂರಿನಿಂದ ಬಂದಿದ್ದ ನಮ್ಮತ್ತೆ ಶುಕ್ರವಾರದ ಪೂಜೆಗೆಂದು ದೇವರ ದೀಪಗಳ ಜೊತೆ ಅದನ್ನೂ ಹುಣಸೆಹಣ್ಣು ಹಾಕಿ ತಿಕ್ಕಿ, ಫಳಫಳ ಹೊಳೆಸಿ ಬೋರಲು ಹಾಕಿದ್ದರು.

"ಅಯ್ಯೋ ಅತ್ತೆ! ಇದನ್ನೆಲ್ಲ ಉಜ್ಜಬಾರದು!"

"ನಾನೇನು ಕಂಡೆ? ಅಗರಬತ್ತಿ ಸಿಗಿಸೋದು ಅಂದ್ಕೊಂಡೆ. ಹಿತ್ತಾಳೆ ಅಂದ್ಮೇಲೆ ಉಜ್ಜದೆ ಇಡ್ತಾರೇನಮ್ಮಾ?"

ನನಗೆ ಮೈಯೆಲ್ಲ ಉರಿಯಿತು. ಕಿತ್ತುಕೊಂಡು ತಿರುಗಿಸಿದೆ. ತಳದಲ್ಲಿ ಇಂಗ್ಲಿಷ್ ಅಕ್ಷರಗಳು, ಪಕ್ಕದಲ್ಲಿ ಇಸವಿಯ ಕೊನೆಯ ಎರಡಂಕಿ. ಯುದ್ಧ ಮುಗಿದು ಮೂರ್ನಾಲ್ಕು ವರ್ಷವಾದ ಮೇಲೆ ತಯಾರಾದದ್ದು. ಅಷ್ಟರಲ್ಲಿ ಜಪಾನೀಯರು ಹೋಗಿಯಾಗಿತ್ತು. ಮರಳಿ ಬಂದಿದ್ದ ಬ್ರಿಟಿಷ್ ಸರ್ಕಾರದ ಸೈನಿಕರು ಎಸ್ಟೇಟುಗಳಲ್ಲಿ ಕಮ್ಯುನಿಸ್ಟರನ್ನು ಹುಡುಕುತ್ತಿದ್ದ ಕಾಲ ಅದು. ಅವರ ಗುಂಡಿಗೆ ಸತ್ತವನ ಹೆಂಡತಿಯೆಂದರೆ ಬೇರೆ ಕಡೆ ಯಾರು ಕೆಲಸ ಕೊಟ್ಟಾರು? ಅದಕ್ಕೇ ಆ ತಾಯಿ ಮಗನಿಗೂ ಬೇರೆ ಕಥೆ ಹೇಳಿ ಬೆಳೆಸಿರಬಹುದು. ಇದೆಲ್ಲ ನನ್ನ ಊಹೆ. ಎಲ್ಲೋ ಸಿಕ್ಕ ಒಂದು ಕಾಡತೂಸಿನಿಂದ ಇಷ್ಟೆಲ್ಲ ಸಾಬೀತಾಗುವುದಿಲ್ಲ.

ಬಾಯಿ ಮುಚ್ಚಿಕೊಂಡಿರಬಹುದಿತ್ತು. ತಪ್ಪು ಹೇಳಿ ಸುಮ್ಮನಿರುವುದು ನನ್ನ ಜಾಯಮಾನವಲ್ಲ, ಹೋಗಿ ಹೇಳಿದೆ. ಅಂಕಲ್ ಕನ್ನಡಕ ಹಾಕಿಕೊಂಡು ಆ ಎರಡಂಕಿ ಓದಿದರು. ತಾಯಿಯನ್ನು ಬೈಯುತ್ತಾರೋ ಅಳುತ್ತಾರೋ ಎಂದು ನನಗೆ ಭಯವಾಯಿತು. ಅವರು ಬೆರಳು ಮಡಿಚಿ ಏನೋ ಲೆಕ್ಕ ಹಾಕಿದರು.

"ಆ ವರ್ಷ ನಾನು ಓಡಾಡೋ ಮಗು ಅಮ್ಮಾ. ಹಾಗಾದ್ರೆ ಅಪ್ಪ ನನ್ನನ್ನ ಎತ್ತಿಕೊಂಡಿರ್ತಾರೆ, ಅಲ್ವಾ?"

ಖಚಿತವಾಗಿ ಹೇಳೋಕಾಗಲ್ಲ ಎಂಬ ಮಾತು ನಾಲಿಗೆಯ ತುದಿಗೆ ಬಂತು.

"ಎತ್ತಿಕೊಂಡಿರ್ತಾರೆ ಅಂಕಲ್" ಎಂದೆ.